ಅಯ್ಯನವರ ವೈರಿಂಗ್

ನಮ್ಮ ಅಡುಗೆಮನೆಗೆ ಅದರದೇ ಕೆಲವು ನಿಯಮಗಳಿದ್ದವು. ಗ್ರೈಂಡರ್ ತಿರುಗುವಾಗ ನಲ್ಲಿ ಮುಟ್ಟಬಾರದು. ಮುಟ್ಟಲೇಬೇಕಾದರೆ ಮಣೆಯ ಮೇಲೆ ನಿಂತು ಮುಟ್ಟಬೇಕು. ಮಣೆ ಒಣಗಿರಬೇಕು. ನೆಂಟರ ಹೆಣ್ಣುಮಕ್ಕಳು ಬಂದರೆ ಅವ್ವ ಇದನ್ನೆಲ್ಲ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸುವ ಧಾಟಿಯಲ್ಲೇ ತಿಳಿಸಿಕೊಡುತ್ತಿದ್ದಳು. ಅವರೂ ಆಶ್ಚರ್ಯಪಡುತ್ತಿರಲಿಲ್ಲ. ತಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನು ಸೆರಗು ಸುತ್ತಿಕೊಂಡು ತೆಗೆಯಬೇಕು ಎಂದು ಅವರಲ್ಲೊಬ್ಬಳು ಹೇಳುತ್ತಿದ್ದಳು, ಮಾತು ಬೇರೆ ಕಡೆ ಹೋಗುತ್ತಿತ್ತು.

ನಲ್ಲಿ ಯಾಕೆ ಹೊಡೆಯುತ್ತದೆ ಎಂಬುದಕ್ಕೆ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಅಜ್ಜಿ ಶಿವಬಸಮ್ಮನ ಪ್ರಕಾರ ಯಾರೋ ಮೈಮೇಲೆ ನೀರು ಹಾಕಿಕೊಳ್ಳದೆ ನಲ್ಲಿ ಮುಟ್ಟಿರುತ್ತಾರೆ. ಅದಕ್ಕೇ ಅದು ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಬಂದವರಿಗೆ, ಅಂದರೆ ಅವಳಿಗೆ, ಹೆಚ್ಚು ಜೋರಾಗಿ ಹೊಡೆಯುತ್ತದೆ. ಅವಳು ಗಮನಿಸಿದ್ದು ಸರಿಯಾಗಿಯೇ ಇತ್ತು. ಒದ್ದೆ ಮೈಗೆ ಹೆಚ್ಚು ಹೊಡೆಯುವುದು ನಿಜ. ಅಪ್ಪ ಬೆನಕಪ್ಪನ ಅಭಿಪ್ರಾಯದಲ್ಲಿ ನಲ್ಲಿ ಹೊಡೆಯುವುದೇ ಇಲ್ಲ. ಕೊಟ್ಟೂರು ಬಸ್ ಸ್ಟ್ಯಾಂಡ್ ಹತ್ತಿರ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಅಪ್ಪ ಯಾವುದನ್ನೂ ಸ್ವತಃ ಪರೀಕ್ಷಿಸದೆ ನಂಬುವವನಲ್ಲ. ಅವ್ವ ದೂರಿದಾಗಲೆಲ್ಲ ಎದ್ದು ಅಡುಗೆಮನೆಗೆ ಬರುತ್ತಿದ್ದ. ಗ್ರೈಂಡರಿನ ಸದ್ದಿನಲ್ಲಿ ಅವಳು ಹೇಳುವುದು ಕೇಳಿಸುವುದಿಲ್ಲವೆಂದು ಮೊದಲು ಅದನ್ನು ಬಂದ್ ಮಾಡಿಸುತ್ತಿದ್ದ. ಆಮೇಲೆ ನಲ್ಲಿಯನ್ನು ಬಲಗೈಯಿಂದ ಹಿಡಿದು, ಎಡಗೈಯಿಂದ ಹಿಡಿದು, ಏನೂ ಇಲ್ಲವೆಂದು ತೋರಿಸಿ ಹೋಗುತ್ತಿದ್ದ.

ನಾನು ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿದೆ. ಭೌತಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕಗಳಿವೆ. ಆದರೆ ಹೇಳಬೇಕಾದ ಮಾತು ನನ್ನ ಬಾಯಿಗೆ ಬರುವುದು, ಅದನ್ನು ಕೇಳಬೇಕಾದವರು ಎದ್ದು ಹೋದ ಮೇಲೆ. ಆಗ ಡೈರಿ ತೆಗೆಯುತ್ತೇನೆ. ಹೋದ ವರ್ಷದ ಡೈರಿಯಲ್ಲಿ ಒಂದು ಪುಟದ ತುಂಬ ಬರೀ ಇದೇ ಇದೆ: ಗ್ರೈಂಡರ್ ಚಾಲೂ, ನಲ್ಲಿ ಹೊಡೆಯಿತು. ಗ್ರೈಂಡರ್ ಬಂದ್, ಹೊಡೆಯಲಿಲ್ಲ. ಚಾಲೂ, ಹೊಡೆಯಿತು. ಇಪ್ಪತ್ತಮೂರು ಸಾಲು ಬರೆದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ಡೈರಿಯನ್ನು ಯಾರಿಗೂ ತೋರಿಸಲಿಲ್ಲ.

ಆಗಿದ್ದು ಇಷ್ಟೇ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ದು ಬಿಡಬೇಕಾದ ಹಸಿರು ತಂತಿ, ಅರ್ಥ್ ವೈರು, ನಮ್ಮ ಮನೆಯಲ್ಲಿ ನೆಲಕ್ಕೆ ಹೋಗಿರಲಿಲ್ಲ. ಮನೆ ಕಟ್ಟಿದಾಗ ಅದನ್ನು ಗೋಡೆಯೊಳಗೆ ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿ ಬಿಟ್ಟಿದ್ದರು. ಪೈಪು ಹೇಗೂ ಹಿತ್ತಲಿನ ಮಣ್ಣಿನಲ್ಲಿ ಹೂತಿತ್ತು, ಹೇಗೋ ನಡೆಯುತ್ತಿತ್ತು. ಹೋದ ವರ್ಷ ತುಕ್ಕು ಹಿಡಿಯಿತೆಂದು ಅಪ್ಪ ಹೊರಗಿನ ಕಬ್ಬಿಣವನ್ನೆಲ್ಲ ಕೀಳಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದ. ಗೋಡೆಯೊಳಗೆ ಒಂದು ಮೊಳ ಕಬ್ಬಿಣ, ಅದರ ತುದಿಗೆ ನಲ್ಲಿ, ಇಷ್ಟು ಉಳಿದವು. ಅಂದಿನಿಂದ ಹಳೆಯ ಗ್ರೈಂಡರಿನಿಂದ ಸೋರಿದ ಕರೆಂಟು ಹಸಿರು ತಂತಿ ಹಿಡಿದು ಬಂದು, ಮುಂದೆ ದಾರಿ ಕಾಣದೆ, ನಲ್ಲಿಯ ಮೇಲೆ ಕುಳಿತು ಯಾರಾದರೂ ಬರಲಿ ಎಂದು ಕಾಯುತ್ತಿತ್ತು. ಬರುವವಳು ಅವ್ವ.

ಆ ತಂತಿಯನ್ನು ಪೈಪಿಗೆ ಸುತ್ತಿದವರು ಕೊಟ್ರಸ್ವಾಮಿ ಅಯ್ಯನವರು. ಅವರು ಮನೆತನದಿಂದ ಜಂಗಮರು, ಕೆಲಸದಿಂದ ವೈರ್‌ಮನ್. ಇಪ್ಪತ್ತು ವರ್ಷದಿಂದ ನಮ್ಮ ಓಣಿಯ ಮನೆಗಳಿಗೆಲ್ಲ ಅವರದೇ ವೈರಿಂಗು. ಗೃಹಪ್ರವೇಶದ ಪೂಜೆಯೂ ಅವರದೇ. ಒಂದೇ ಚೀಲದಲ್ಲಿ ವಿಭೂತಿ ಗಟ್ಟಿಯೂ ಟೆಸ್ಟರೂ ಇರುತ್ತವೆ. ಫ್ಯೂಸ್ ಹಾಕಲು ಬಂದರೂ ಮೊದಲು ಕಾಲಿಗೆ ನೀರು ಕೊಟ್ಟು, ಪಾದ ಮುಟ್ಟಿ, ಆಮೇಲೆ ಫ್ಯೂಸಿನ ಮಾತು ತೆಗೆಯಬೇಕು. ಅವರು ತೊಯ್ದ ಬರಿಗಾಲಲ್ಲೇ ಸ್ವಿಚ್ ಬೋರ್ಡ್ ಬಿಚ್ಚುತ್ತಾರೆ. ಕೆಲಸ ಮುಗಿದ ಮೇಲೆ ಕೂಲಿ ಎನ್ನಬಾರದು, ಎಲೆ ಅಡಿಕೆಯಲ್ಲಿ ಇಟ್ಟು ದಕ್ಷಿಣೆ ಎನ್ನಬೇಕು. ದಕ್ಷಿಣೆ ಕೊಟ್ಟವರು ಕೆಲಸ ಸರಿಯಿಲ್ಲ ಎಂದು ಯಾವ ಬಾಯಿಂದ ಹೇಳುವುದು? ನಮ್ಮ ನಲ್ಲಿಯನ್ನು ನೋಡಲು ಎರಡು ಸಲ ಬಂದಿದ್ದರು. ಮೊದಲ ಸಲ ಗ್ರೈಂಡರಿನ ಪ್ಲಗ್ಗಿಗೆ ಕಪ್ಪು ಟೇಪು ಸುತ್ತಿದರು. ಎರಡನೇ ಸಲ, ಅರ್ಥ್ ಬಹಳ ಚೆನ್ನಾಗಿದೆ, ಅದಕ್ಕೇ ಎಳೆಯುತ್ತಿದೆ ಎಂದರು. ಅಪ್ಪ ಅದನ್ನು ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೆಮ್ಮೆಯಿಂದ ಹೇಳಿದ.

ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಅವ್ವ ಇಡ್ಲಿಹಿಟ್ಟು ರುಬ್ಬುತ್ತಿದ್ದಳು. ನಾನು ಪಕ್ಕದಲ್ಲೇ ಕಾಯಿ ತುರಿಯುತ್ತಿದ್ದೆ. ಕೈ ತೊಳೆಯಲೆಂದು ಅವಳು ನಲ್ಲಿಗೆ ಕೈ ಹಾಕಿದಳು, ಕಾಲ ಕೆಳಗಿನ ಮಣೆ ಜಾರಿತು. ಕೈ ನಲ್ಲಿಗೆ ಅಂಟಿಕೊಂಡಿತು. ಅವಳು ಕೂಗಲಿಲ್ಲ, ಕುತ್ತಿಗೆ ಮಾತ್ರ ಒಂದು ಕಡೆ ಸೆಟೆಯಿತು. ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ಸ್ವಿಚ್ಚು ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು, ಕಾಲೂ ಬರಲಿಲ್ಲ. ಅಷ್ಟರಲ್ಲಿ ಊರಿಗೆಲ್ಲ ಕರೆಂಟ್ ಹೋಯಿತು. ಅವ್ವ ಹಿಂದಕ್ಕೆ ಬಿದ್ದಳು. ಹಾಲಿನಲ್ಲಿ ಟಿವಿ ನೋಡುತ್ತಿದ್ದ ಅಪ್ಪ, ಹೊತ್ತಿಲ್ಲ ಗೊತ್ತಿಲ್ಲ ಕರೆಂಟ್ ತೆಗೆಯುತ್ತಾರೆಂದು ಕರೆಂಟ್ ಆಫೀಸಿನವರ ವಂಶವನ್ನೆಲ್ಲ ಬೈಯುತ್ತಿದ್ದ.

ಅವ್ವ ಜಾರಿಬಿದ್ದೆ ಎಂದಳು. ಅಂಗೈ ನಡುವೆ ಬಿಳಿಯ ಗುರುತೊಂದಿತ್ತು, ಅದಕ್ಕೆ ಅರಿಸಿನ ಹಚ್ಚಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಮಣೆ ಹಾಕಿಕೊಂಡು ಅಲ್ಲೇ ನಿಂತಿದ್ದಳು.

ಅದೇ ವಾರ ಅಜ್ಜಿ ತನ್ನ ಹರಕೆಯ ದಿನ ಗೊತ್ತು ಮಾಡಿದಳು. ಮಂಡಿನೋವು ಇಳಿದರೆ ಐದು ಮಂದಿ ಅಯ್ಯನವರನ್ನು ಕರೆದು ಪಾದಪೂಜೆ ಮಾಡಿಸಿ, ಹೋಳಿಗೆ ಊಟ ಹಾಕುತ್ತೇನೆಂದು ಅವಳು ಬೇಡಿಕೊಂಡಿದ್ದಳು. ನೋವು ಇಳಿದಿತ್ತು. ಶ್ರಾವಣದ ಮೊದಲ ಸೋಮವಾರ, ನಲವತ್ತು ಎಲೆ. ಐವರಲ್ಲಿ ಮೊದಲನೆಯವರು ಕೊಟ್ರಸ್ವಾಮಿ ಅಯ್ಯನವರೇ. ನಲವತ್ತು ಎಲೆಯ ಹೂರಣ ಎಂದರೆ ಗ್ರೈಂಡರ್ ಮೂರು ತಾಸು ನಿಲ್ಲದೆ ತಿರುಗಬೇಕು, ಅವ್ವ ಆ ಮೂರು ತಾಸೂ ಒದ್ದೆ ನೆಲದಲ್ಲಿ ಅದರ ಮುಂದೆ ನಿಲ್ಲಬೇಕು. ಆ ಹೊತ್ತಿಗೆ ಸರಿಯಾಗಿ ಮತ್ತೆ ಕರೆಂಟ್ ಹೋಗುತ್ತದೆಂದು ನಂಬಿಕೊಂಡು ಇರುವುದು ನನಗೆ ಆಗಲಿಲ್ಲ.

ಕ್ರಾಂತಿಗೆ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ಮೂರು ವರ್ಷ ನಾವು ಒಂದೇ ಬೆಂಚು. ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಹರಪನಹಳ್ಳಿಯ ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರ ಬಳಿ ಸಂಬಳಕ್ಕಿದ್ದಾಳೆ. ಕ್ರಾಂತಿಯ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟವಿದೆ. ಅವಳ ಓಣಿಯವರಿಗೆ ಅಜ್ಜಿ ನೀರು ಕೊಡುವುದಾದರೆ ಹೊರಗಿನ ಕಟ್ಟೆಯ ಮೇಲೆ ಕೊಡುತ್ತಾಳೆ. ನಾನು ಹೇಳಿದ್ದನ್ನೆಲ್ಲ ಕೇಳಿ ಕ್ರಾಂತಿ ಮೊದಲು ಗ್ರೈಂಡರಿನ ಪ್ಲಗ್ ಕಿತ್ತಿಡು ಎಂದಳು. ನಲ್ಲಿಗೆ ಸುತ್ತಿದ ತಂತಿ ಬಿಡಿಸಬೇಕು, ಹಿತ್ತಲಲ್ಲಿ ಗುಂಡಿ ತೋಡಿ ಅರ್ಥ್ ಹಾಕಬೇಕು, ಕರೆಂಟ್ ಸೋರಿದ ಕೂಡಲೇ ತಾನಾಗಿ ಬಂದ್ ಆಗುವ ಡಬ್ಬಿ ಕೂಡಿಸಬೇಕು. ಒಂದು ದಿನದ ಕೆಲಸ. ಆಮೇಲೆ, ನಿಮ್ಮ ಅಯ್ಯನವರ ಸ್ವಂತ ಮನೆಗೆ ಮಾರ್ಚ್ ತಿಂಗಳಲ್ಲಿ ತಾನೇ ಇದನ್ನೆಲ್ಲ ಹಾಕಿಕೊಟ್ಟೆ ಎಂದಳು. ಯಾರಿಗೂ ಹೇಳಬೇಡವೆಂದು ಅವರು ಎರಡು ಸಲ ಹೇಳಿದ್ದರಂತೆ.

ಆ ದಿನ ಡೈರಿಯಲ್ಲಿ ಏನೂ ಬರೆಯಲಿಲ್ಲ.

ಪಾದಪೂಜೆಗೆ ಕರೆಯಲು ಯಾರಾದರೂ ಅಯ್ಯನವರ ಮನೆಗೆ ಹೋಗಬೇಕಾಗಿತ್ತು. ನಾನು ಹೋಗುತ್ತೇನೆ ಎಂದೆ. ನಾನಾಗಿ ಎಲ್ಲಿಗಾದರೂ ಹೋಗುತ್ತೇನೆ ಎಂದದ್ದು ಅಪರೂಪವಾದ್ದರಿಂದ ಅವ್ವ ನನ್ನ ಹಣೆ ಮುಟ್ಟಿ ನೋಡಿ ಕಳಿಸಿದಳು. ಅವರ ಮನೆ ರೈಲ್ವೆ ಸ್ಟೇಷನ್ ಕಡೆಯ ಓಣಿಯಲ್ಲಿ. ಅಯ್ಯನವರು ಅಂಗಳದಲ್ಲಿ ಕುಳಿತು ಯಾರದೋ ಮಿಕ್ಸರ್ ಬಿಚ್ಚುತ್ತಿದ್ದರು. ಅವರ ಹೆಂಡತಿ ದಾಕ್ಷಾಯಣಮ್ಮ ಒಳಗೆ ಕರೆದು ಚಹಾ ಕೊಟ್ಟಳು. ಅಡುಗೆಮನೆಯ ಗೋಡೆಯಲ್ಲಿ ಬಿಳಿಯ ಡಬ್ಬಿಯಿತ್ತು. ನಾನು ನೋಡುತ್ತಿರುವುದು ಕಂಡು, ಹೊಸ ಬಂಗಾರ ತೋರಿಸುವವಳ ಹಾಗೆ, ಅದರ ಗುಂಡಿ ಒತ್ತಿ ತೋರಿಸಿದಳು. ಮನೆಯ ಫ್ಯಾನುಗಳೆಲ್ಲ ನಿಂತವು. ನೋಡು, ಇನ್ನು ನಮಗೆ ಭಯವಿಲ್ಲ ಎಂದಳು. ಅಂಗಳದಿಂದ ಅಯ್ಯನವರು ಒಳಗೆ ನೋಡಿದರು. ನಾನು ಅಲ್ಲಿ ನಿಂತಿರುವುದನ್ನೂ ನೋಡಿದರು.

ಹೊರಗೆ ಬಂದು ಪಾದ ಮುಟ್ಟಿ, ಸೋಮವಾರ ಬರಬೇಕು ಎಂದೆ. ಅವರು ತಲೆಯಾಡಿಸಿದರು. ನಾನು ಹೋಗಲಿಲ್ಲ. ಅವರೂ ತಲೆಯೆತ್ತಲಿಲ್ಲ. ಮಿಕ್ಸರಿನ ಒಂದೇ ಸ್ಕ್ರೂವನ್ನು ನಾಲ್ಕು ಸಲ ಬಿಚ್ಚಿ ಹಾಕಿದರು.

"ಅಯ್ಯಾರ, ನಮ್ಮವ್ವನ ಕೈ ನಲ್ಲಿಗೆ ಹತ್ತಿಕೊಂಡಿತ್ತು. ನಮ್ಮನಿಗೂ ಆ ಡಬ್ಬಿ ಹಾಕಸ್ರಿ" ಎಂದೆ. ನೆಲ ನೋಡುತ್ತಲೇ ಹೇಳಿದೆ. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಮಿಕ್ಸರನ್ನು ಪಕ್ಕಕ್ಕೆ ಸರಿಸಿ ಅವರು ಹೇಳಿದರು: "ನಮ್ಮಪ್ಪ ವೈರ್ ಜೋಡ್ಸೋದು ಕಲ್ಸಿದ, ಅರ್ಥ್ ಕಲ್ಸಲಿಲ್ಲ. ಆತಗೂ ಗೊತ್ತಿದ್ದಿಲ್ಲ. ನಂಗ ತಿಳಿದಿದ್ದು ಈಗೀಗ. ಆದ್ರ ನಿಮ್ಮಪ್ಪ ಬಾಗ್ಲಾಗ ನನ್ನ ಕಾಲಿಗೆ ಬೀಳ್ತಾನವ್ವ. ಕಾಲಿಗೆ ಬಿದ್ದಾತನ ಮುಂದ ನಂಗ ಗೊತ್ತಿದ್ದಿಲ್ಲ ಅಂತ ಹೆಂಗ ಹೇಳ್ಲಿ? ಇಪ್ಪತ್ತು ವರ್ಷದಾಗ ಒಬ್ಬರೂ ನನಗ ನಿನ್ನ ಕೆಲಸ ಸುಮಾರೈತಿ ಅಂದಿಲ್ಲ."

ಯಾರಾದರೂ ಹಾಗೆ ಅಂದಿದ್ದರೆ ಚೆನ್ನಾಗಿತ್ತು ಎಂಬ ಧ್ವನಿಯಿತ್ತು ಅದರಲ್ಲಿ.

ಮರುದಿನ ಅಯ್ಯನವರು ತಾವಾಗಿ ನಮ್ಮ ಮನೆಗೆ ಬಂದರು. ಕಾಲಿಗೆ ನೀರು ಬಿತ್ತು. ಅಪ್ಪ ಪಾದ ಮುಟ್ಟಿದ. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಪಂಚಾಂಗದ ಮಾತು ತೆಗೆದರು. ಪೂಜೆಗೆ ಮುಂಚೆ ಮನೆಯ ಆಗ್ನೇಯ ಮೂಲೆಯಲ್ಲಿ ಆರಡಿ ಗುಂಡಿ ತೋಡಿ, ತಾಮ್ರದ ಪಟ್ಟಿ ಹೂತು, ಇದ್ದಿಲು ಉಪ್ಪು ತುಂಬಿಸಬೇಕು. ಅಡುಗೆಮನೆಯ ಗೋಡೆಗೆ ಒಂದು ಬಿಳಿಯ ಡಬ್ಬಿ ಕೂಡಿಸಬೇಕು. ಇದನ್ನು ಮಾಡುವ ಕೈ ತಮ್ಮದಲ್ಲ, ಹರಪನಹಳ್ಳಿಯಿಂದ ಒಬ್ಬ ಹುಡುಗಿ ಬರುತ್ತಾಳೆ ಎಂದರು. ನಲ್ಲಿ ಹೊಡೆಯುತ್ತದೆಂದು ಅವ್ವ ವರ್ಷವಿಡೀ ಹೇಳಿದರೂ ನಂಬದ ಅಪ್ಪ, ಕೂಡಲೇ ಎದ್ದು ಗುಂಡಿ ತೋಡುವ ಆಳಿಗೆ ಫೋನ್ ಮಾಡಿದ.

ಅಜ್ಜಿಗೆ ಒಂದೇ ಅನುಮಾನ. "ಹುಡುಗಿ ಯಾರ ಪೈಕಿ?" ಎಂದು ಕೇಳಿದಳು.

"ಕರೆಂಟಿನ ಪೈಕಿ" ಎಂದು ಅಯ್ಯನವರು ಚೀಲ ಹೆಗಲಿಗೇರಿಸಿದರು.

ಶನಿವಾರ ಕ್ರಾಂತಿ ಬಂದಳು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಅವಳ ರಬ್ಬರ್ ಬೂಟುಗಳನ್ನು ನೋಡಿ, ಅವನ್ನು ಬಿಚ್ಚಿ ಕಾಲು ತೊಳೆದುಕೊಂಡು ಒಳಗೆ ಹೋಗಲಿ ಎಂದಳು. ಬೂಟು ಬಿಚ್ಚಿದರೆ ಕೆಲಸ ಬಿಟ್ಟೆ ಎಂದಳು ಕ್ರಾಂತಿ. ಇಬ್ಬರೂ ಹೀಗೆ ಸ್ವಲ್ಪ ಹೊತ್ತು ನಿಂತರು. ಕೊನೆಗೆ ಅಯ್ಯನವರು ಹೇಳಿಕಳಿಸಿದ ಮನುಷ್ಯಳೆಂಬ ಕಾರಣಕ್ಕೆ ಬೂಟುಗಳು ಒಳಗೆ ಹೋದವು. ಅಜ್ಜಿ ಹಿಂದಿನಿಂದ ನೆಲ ಒರೆಸುತ್ತ ಬಂದಳು. ಒರೆಸಬೇಡ, ಒದ್ದೆ ಮಾಡಬೇಡ ಎಂದು ಕ್ರಾಂತಿ ಹೇಳಿದ್ದು ಅಜ್ಜಿಯ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನ ಚಹಾ ಬಂತು, ಎಲ್ಲರಿಗೂ ಸ್ಟೀಲ್ ಲೋಟದಲ್ಲಿ, ಕ್ರಾಂತಿಗೆ ಪೇಪರ್ ಕಪ್ಪಿನಲ್ಲಿ. ನನಗೆ ಮುಖ ಎತ್ತಲಾಗಲಿಲ್ಲ. ಅವಳು ಕುಡಿದು, "ಇರ್ಲಿ ಬಿಡಲೇ, ಪೇಪರಿನಾಗ ಕರೆಂಟ್ ಹರಿಯಂಗಿಲ್ಲ" ಎಂದಳು. ನಾನು ನಗಲಿಲ್ಲ. ಅವಳೂ ನಗಲಿಲ್ಲ.

ಸಂಜೆ ಕೆಲಸ ಮುಗಿಯಿತು. ಗೋಡೆ ಕೊರೆದದ್ದು ಕಾಣದಷ್ಟು ನೀಟಾಗಿ ಮುಚ್ಚಿದ್ದಳು. ಗ್ರೈಂಡರಿನ ಮೋಟರಿನ ಸುರುಳಿಯ ಹೊದಿಕೆ ಸುಟ್ಟಿದೆ, ಹಗರಿಬೊಮ್ಮನಹಳ್ಳಿಗೆ ಒಯ್ದು ರಿಪೇರಿ ಮಾಡಿಸುವ ತನಕ ಹಚ್ಚಬೇಡಿ, ಹಚ್ಚಿದರೆ ಡಬ್ಬಿಯ ಗುಂಡಿ ಬಿದ್ದು ಕರೆಂಟ್ ಹೋಗುತ್ತದೆ, ಬೀಳುವುದೇ ಅದರ ಕೆಲಸ ಎಂದು ಅಪ್ಪನಿಗೆ ಹೇಳಿ, ಪ್ಲಗ್ಗಿಗೆ ಕೆಂಪು ಟೇಪು ಸುತ್ತಿ ಹೋದಳು. ಅಪ್ಪ ಹ್ಞೂಂ ಎಂದ. ರಿಪೇರಿಯವನು ಮಂಗಳವಾರದ ತನಕ ಅಂಗಡಿ ತೆರೆಯುವುದಿಲ್ಲ ಎಂದು ತಿಳಿದ ಮೇಲೆ ಆ ಮಾತನ್ನು ಮರೆತ.

ಸೋಮವಾರ ಬೆಳಿಗ್ಗೆ ಮನೆ ತುಂಬ ಜನ. ಅರಸೀಕೆರೆಯಿಂದ ಅಪ್ಪನ ಕಡೆಯವರು ಬಂದಿದ್ದರು. ಅವರ ಹುಡುಗ ಗುರುಬಸವರಾಜನಿಗೆ ನನ್ನನ್ನು ತೋರಿಸುವ ಉದ್ದೇಶವೂ ಹರಕೆಯ ಜೊತೆ ಸೇರಿಕೊಂಡಿತ್ತು. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ, ರೇಷ್ಮೆ ಸೀರೆ ಉಡಿಸಿದಾಗ ನಾನೇ ತಿಳಿದುಕೊಂಡೆ. ಬೇಯಿಸಿದ ಬೇಳೆ ಆರುತ್ತಿತ್ತು. ಅಜ್ಜಿ ಕೆಂಪು ಟೇಪನ್ನು ಉಗುರಿನಿಂದ ಕಿತ್ತು ಗ್ರೈಂಡರ್ ಹಚ್ಚಿದಳು. ಮನೆಯ ಕರೆಂಟೆಲ್ಲ ಹೋಯಿತು. ಡಬ್ಬಿಯ ಗುಂಡಿ ಎತ್ತಿದರು, ಬಂತು. ಗ್ರೈಂಡರ್ ಹಚ್ಚಿದರು, ಹೋಯಿತು. ಐದನೇ ಸಲಕ್ಕೆ ಅಪ್ಪನ ತಾಳ್ಮೆ ಮುಗಿಯಿತು. ಅಯ್ಯನವರ ವೈರಿಂಗಿನಲ್ಲಿ ಇಪ್ಪತ್ತು ವರ್ಷ, ಕರೆಂಟ್ ಹೋದರೆ ಊರಿಗೆಲ್ಲ ಹೋಗುತ್ತಿತ್ತು, ನಮ್ಮ ಮನೆಗೊಂದಕ್ಕೇ ಯಾವತ್ತೂ ಹೋದದ್ದಿಲ್ಲ ಎಂದ. ನೆಂಟರು ಒಪ್ಪಿದರು. ಬೂಟು ಹಾಕಿಕೊಂಡು ಅಡುಗೆಮನೆಗೆ ಹೋದರೆ ಇನ್ನೇನಾಗುತ್ತದೆ ಎಂದಳು ಅಜ್ಜಿ.

ಅಷ್ಟು ಹೊತ್ತಿಗೆ ಪಡಸಾಲೆಯಲ್ಲಿ ಐದು ಮಂದಿ ಅಯ್ಯನವರು ಸಾಲಾಗಿ ಕುಳಿತಿದ್ದರು. ಕೊಟ್ರಸ್ವಾಮಿಯವರ ಪಾದಗಳು ಹಿತ್ತಾಳೆ ತಟ್ಟೆಯಲ್ಲಿದ್ದವು, ಮೇಲೆ ಹೂವಿತ್ತು. ಅಪ್ಪ ಅವುಗಳ ಮುಂದೆ ಮಂಡಿಯೂರಿ ಕೈಮುಗಿದ. "ಅಯ್ಯಾರ, ಆ ಹುಡುಗಿ ಕೆಲಸ ಕೆಡಿಸ್ಯಾಳ. ತಾವು ಒಂದು ಚೂರು ಎದ್ದು ಬಂದು, ಆ ಡಬ್ಬಿ ತೆಗೆದು, ಮೊದ್ಲು ಹೆಂಗಿತ್ತೋ ಹಂಗ ಮಾಡಿಕೊಡ್ರಿ" ಎಂದ.

ಅಯ್ಯನವರು ತಟ್ಟೆಯಿಂದ ಕಾಲು ತೆಗೆದರು. ಹೂಗಳು ಕೆಳಗೆ ಬಿದ್ದವು. ನೀರು ತೊಟ್ಟಿಕ್ಕುವ ಬರಿಗಾಲಲ್ಲಿ ಅಡುಗೆಮನೆಗೆ ಬಂದು ಡಬ್ಬಿಯ ಮುಂದೆ ನಿಂತರು. ಜೇಬಿನಿಂದ ಟೆಸ್ಟರ್ ತೆಗೆದರು. ನಲವತ್ತು ಜನ ಬಾಗಿಲಲ್ಲಿ, ಕಿಟಕಿಯಲ್ಲಿ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಳೆಯ ಪಾತ್ರೆ ಹಿಡಿದು, ಗ್ರೈಂಡರಿನ ಪಕ್ಕದಲ್ಲಿ ಕಾಯುತ್ತಿದ್ದಳು. ಅಯ್ಯನವರ ಕೈ ಡಬ್ಬಿಯ ಸ್ಕ್ರೂವಿನ ತನಕ ಹೋಯಿತು. ನಿಜವಾಗಿಯೂ ಬಿಚ್ಚುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

"ಅಯ್ಯಾರ, ನಿಮ್ಮ ಮನ್ಯಾಗ ಹಚ್ಚಿದ ಡಬ್ಬಿನೂ ಬಿಚ್ಚಿ ಇಟ್ಟು ಬಂದೀರೇನು?" ಎಂದೆ.

ಅಷ್ಟು ಜನ ಇರುವ ಕೋಣೆಯಲ್ಲಿ ನನ್ನ ದನಿಯನ್ನು ನಾನೇ ಮೊದಲ ಸಲ ಕೇಳಿದ್ದು. ಅಪ್ಪ ನನ್ನ ಕಡೆ ತಿರುಗಿದ. ಅರಸೀಕೆರೆಯವರೂ ತಿರುಗಿದರು.

ಅಯ್ಯನವರು ಟೆಸ್ಟರನ್ನು ಜೇಬಿಗೆ ಹಾಕಿದರು. ಗೋಡೆ ನೋಡುತ್ತಲೇ ಮಾತಾಡಿದರು. "ಬೆನಕಪ್ಪ, ಮೊದ್ಲಿದ್ದದ್ದು ತಪ್ಪು. ತಪ್ಪು ಮಾಡಿದಾವ ನಾನು. ಆ ಹುಡುಗಿ ಮಾಡಿದ್ದು ಸರಿ ಐತಿ. ನಮ್ಮನಿಗೂ ಆಕಿನ ಮಾಡ್ಯಾಳ."

ಅಪ್ಪನ ಕಣ್ಣಲ್ಲಿ ನೀರು ಬಂತು. ಒಂದು ಹುಡುಗಿಯ ಹೊಟ್ಟೆಪಾಡು ಕೆಡಬಾರದೆಂದು ಅವಳ ತಪ್ಪನ್ನು ಅಯ್ಯನವರು ತಮ್ಮ ಮೇಲೆ ಹಾಕಿಕೊಂಡರಲ್ಲ, ಇಂಥ ಮನಸ್ಸು ಯಾರಿಗಿದೆ ಎಂದು ನೆಂಟರ ಕಡೆ ತಿರುಗಿ ಹೇಳಿದ. ಹಾಗಲ್ಲ, ನಿಜವಾಗಿಯೂ ನನ್ನದೇ ತಪ್ಪು ಎಂದರು ಅಯ್ಯನವರು. ಹಿಂದಿದ್ದವರು ಕೈಮುಗಿದರು. ಮೂರನೇ ಸಲ, ಸ್ವಲ್ಪ ಸಿಟ್ಟಿನಲ್ಲೇ, ನನಗೆ ಅರ್ಥ್ ಹಾಕಲು ಬರುವುದೇ ಇಲ್ಲ ಎಂದರು. ಅಜ್ಜಿ ಬಗ್ಗಿ ಅವರ ಪಾದಕ್ಕೆ ಹಣೆ ಹಚ್ಚಿದಳು.

ಅವರು ಸೋತು ನನ್ನನ್ನು ನೋಡಿದರು. ಆಮೇಲೆ, ತಮ್ಮ ಬಳಿ ಉಳಿದಿದ್ದ ಒಂದೇ ಉಪಾಯವನ್ನು ಬಳಸಿದರು. "ಆ ಗ್ರೈಂಡರಿನಾಗ ರುಬ್ಬಿದ ಹೂರಣ ನಾ ಮುಟ್ಟಂಗಿಲ್ಲ. ಡಬ್ಬಿ ತೆಗೆದ ಮನ್ಯಾಗ ನೀರೂ ಕುಡಿಯಂಗಿಲ್ಲ" ಎಂದರು.

ಯಾಕೆ ಎಂದು ಯಾರೂ ಕೇಳಲಿಲ್ಲ. ಇಬ್ಬರು ಗ್ರೈಂಡರನ್ನು ಹೊತ್ತು ಹಿತ್ತಲಿಗೆ ಒಯ್ದರು. ರುಬ್ಬುವ ಕಲ್ಲನ್ನು ತೊಳೆದರು. ಅವ್ವ, ನಾನು, ಪಕ್ಕದ ಮನೆಯ ಜಂಬಕ್ಕ ಸರದಿಯ ಮೇಲೆ ಕುಳಿತು ನಲವತ್ತು ಎಲೆಯ ಹೂರಣ ರುಬ್ಬಿದೆವು. ಹನ್ನೆರಡಕ್ಕೆ ಆಗಬೇಕಾದ ಊಟ ಮೂರೂವರೆಗೆ ಆಯಿತು. ಅಯ್ಯನವರು ಆರು ಹೋಳಿಗೆ ತಿಂದರು.

ಮುಂದಿನ ತಿಂಗಳಲ್ಲಿ ನಮ್ಮ ಓಣಿಯ ಮೂರು ಮನೆಯವರು ಆಗ್ನೇಯದಲ್ಲಿ ಗುಂಡಿ ತೋಡಿಸಿದರು. ಮೂರೂ ಕಡೆ ಅಯ್ಯನವರು ಪಡಸಾಲೆಯಲ್ಲಿ ಕುಳಿತಿದ್ದರು, ಕ್ರಾಂತಿ ಒಳಗೆ ಗೋಡೆ ಕೊರೆದಳು. ಅಯ್ಯನವರ ಕೈಗುಣ ದೊಡ್ಡದು ಎಂದು ಜನ ಹೇಳುತ್ತಾರೆ. ನಾನು ಇದನ್ನು ಕ್ರಾಂತಿಗೆ ಹೇಳಿದಾಗ, ಬಿಲ್ಲು ಮಾತ್ರ ತನ್ನ ಹೆಸರಿನಲ್ಲೇ ಬರೆಯುತ್ತೇನೆಂದಳು.

ಅರಸೀಕೆರೆಯಿಂದ ಎರಡು ವಾರದ ಮೇಲೆ ಮಾತು ಬಂತು. ಹುಡುಗಿ ನೋಡಲು ಚೆನ್ನಾಗಿದ್ದಾಳೆ, ಓದಿದ್ದಾಳೆ, ಆದರೆ ಬಾಯಿ ಜೋರು. ಹಿರಿಯರು ನಿಂತಿರುವಾಗ ಮಾತಾಡುತ್ತಾಳೆ. ಅವ್ವನಿಗೆ ಸುದ್ದಿ ತಲುಪಿದ್ದು ಬೆಳಿಗ್ಗೆ, ರಿಪೇರಿಯಾಗಿ ಬಂದ ಗ್ರೈಂಡರಿನಲ್ಲಿ ಹಿಟ್ಟು ತಿರುಗುತ್ತಿರುವಾಗ. ಒದ್ದೆ ಕೈಯಿಂದ ನಲ್ಲಿಯನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಆ ದಿನ ಒಂದು ಮಾತು ನುಂಗಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಯಾವ ಮನೆಗೆ ಸೊಸೆಯಾಗಿ ಹೋಗುವವಳು ನೀನು, ನನ್ನ ಹೊಟ್ಟೆಯಲ್ಲಿ ಎಲ್ಲಿಂದ ಹುಟ್ಟಿದೆ ಎಂದು, ಗ್ರೈಂಡರಿನ ಸದ್ದಿಗಿಂತ ಮೇಲೆ ದನಿಯೇರಿಸಿ, ಹಿಟ್ಟು ಮುಗಿಯುವ ತನಕ ಬೈದಳು.

ನಾನು ಕಾಯಿ ತುರಿಯುತ್ತ ಕುಳಿತಿದ್ದೆ. ಒಂದು ಮಾತೂ ಆಡಲಿಲ್ಲ.